ಅವರೂರಿನವಳು

ರಾಣಿಯಮ್ಮನ ಆಳಿಕೆಯ ಕೊನೆಯ ವರ್ಷಗಳಲ್ಲಿ ನಾನು ಹುಚ್ಚಾಸ್ಪತ್ರೆಯಲ್ಲಿದ್ದೆ. ಒಂದು ವರ್ಷಕ್ಕೆ ಮೇಲೆಯೇ ಇದ್ದೆ. ನಮ್ಮ ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಪಟ್ಟಣದಲ್ಲಿದ್ದಾಗ" ಎನ್ನುತ್ತಾರೆ. ಪಟ್ಟಣದಲ್ಲಿ ನಮಗೆ ಯಾರೋ ನೆಂಟರಿದ್ದರು, ಅವರ ಮನೆಯಲ್ಲಿ ನಾನು ಇದ್ದು ಬಂದೆ ಎಂದು ಸೊಸೆಯಂದಿರು ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ. ಯಾವ ಪಟ್ಟಣ ಎಂದು ನಾನೂ ಬರೆಯುವುದಿಲ್ಲ. ರಾಯದುರ್ಗದಿಂದ ಬಳ್ಳಾರಿಯವರೆಗೆ ಎತ್ತಿನ ಗಾಡಿ, ಅಲ್ಲಿಂದ ಮುಂದೆ ರೈಲು. ಇಳಿದ ಮೇಲೆ ಸುತ್ತಲೂ ತಮಿಳು. ಅಷ್ಟು ಹೇಳಿದರೆ ಸಾಕು.

ನಾನು ಮಡಕಶಿರದ ಮಗಳು, ರಾಯದುರ್ಗದ ಸೊಸೆ. ನಮ್ಮಪ್ಪ ಮಡಕಶಿರದಲ್ಲಿ ಕೂಲಿಮಠ ನಡೆಸುತ್ತಿದ್ದರು. ಗಂಡುಹುಡುಗರ ಜೊತೆ ನನ್ನನ್ನೂ ಮರಳಿನ ಮೇಲೆ ಕೂರಿಸಿ ತಿದ್ದಿಸಿದರು. ಅದರಿಂದ ಇದನ್ನು ಬರೆಯಲು ಆಗುತ್ತಿದೆ. ಮದುವೆಯಾಗಿ ಬಂದ ಹೊಸತರಲ್ಲಿ ರಾಯದುರ್ಗದವರು ನನ್ನ ಮಾತಿಗೆ ನಗುತ್ತಿದ್ದರು. ನಮ್ಮ ಕಡೆ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. "ವೈನಿ, ನಿಮ್ಮೂರಾಗ ಹಸು ಐತೋ ಅಸು ಐತೋ?" ಎಂದು ನಾದಿನಿ ಕಾಡುತ್ತಿದ್ದಳು. ಒಳ್ಳೆಯ ಮನೆ. ಅತ್ತೆ ಒಂದು ದಿನವೂ ಕೈ ಎತ್ತಿದವರಲ್ಲ.

ಮೊದಲನೆಯ ಕೂಸು ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಅಳಬೇಕಾಗಿತ್ತು, ಅಳು ಬರಲಿಲ್ಲ. ಬಂದವರೆಲ್ಲ ಅಳು ಎಂದರು. ನಾನು ಅವರ ಬಾಯಿ ನೋಡುತ್ತ ಕೂತಿದ್ದೆ. ಆಮೇಲೆ ಹಸಿವೆಯೂ ಹೋಯಿತು, ಬಿಸಿ ತಂಪು ಎನ್ನುವುದೂ ಹೋಯಿತು. ನೀರಿಲ್ಲದ ಪಾತ್ರೆಗೆ ಅಕ್ಕಿ ಹಾಕಿ ಒಲೆಯ ಮೇಲಿಟ್ಟು, ಅದು ಕರಿಯಾಗುವುದನ್ನು ನೋಡುತ್ತ ಕೂತಿದ್ದೆನಂತೆ. ಕೆಂಡ ಕೈಗೆ ತಾಗಿದರೂ ಕೈ ಎಳೆದುಕೊಳ್ಳಲಿಲ್ಲವಂತೆ. ಗಾಳಿ ಎಂದರು, ತಾಯಿತ ಕಟ್ಟಿದರು, ಗುಡಿಯಲ್ಲಿ ಮಲಗಿಸಿದರು. ಕೊನೆಗೆ ಒಂದು ಸಂಜೆ ಬೆಟ್ಟದ ಕೆಳಗಿನ ಹೊಂಡದಲ್ಲಿ ಸೊಂಟದವರೆಗೆ ಇಳಿದು ನಿಂತಿದ್ದೆ. ಸಾಯಬೇಕೆಂದು ಇಳಿದದ್ದಲ್ಲ. ನೀರು ತಣ್ಣಗಿದೆಯೋ ಇಲ್ಲವೋ ನೋಡೋಣ ಎಂದು ಇಳಿದದ್ದು. ಅದನ್ನು ಯಾರಿಗೆ ಹೇಳಿದರೆ ನಂಬುತ್ತಾರೆ? ದವಾಖಾನೆಯ ಡಾಕ್ಟರು ಪಟ್ಟಣದ ಆಸ್ಪತ್ರೆಗೆ ಕಾಗದ ಬರೆದುಕೊಟ್ಟರು. ನಮ್ಮ ಯಜಮಾನರೇ ಕರೆದುಕೊಂಡು ಹೋಗಿ ಬಿಟ್ಟುಬಂದರು. ಗೇಟಿನ ಹತ್ತಿರ ಅವರು ಅತ್ತರು. ನಾನು, ಗಾಡಿಯವನು ಕಾಯುತ್ತಿದ್ದಾನೆ ನೋಡಿ, ಎಂದೆ.

ಅಲ್ಲಿ ನನ್ನನ್ನು ಕಟ್ಟಿಹಾಕಲಿಲ್ಲ. ಇದನ್ನು ಮೊದಲು ಹೇಳಬೇಕು, ಏಕೆಂದರೆ ಎಲ್ಲರೂ ಅದನ್ನೇ ಕೇಳುತ್ತಾರೆ. ಕೂದಲು ಕತ್ತರಿಸಿದರು, ಹೇನಿನ ಕಾಟಕ್ಕೆ. ಗಾಜಿನ ಬಳೆ ಒಡೆದುಕೊಂಡು ಕೊಯ್ದುಕೊಂಡಾರೆಂದು ತೆಗೆದಿಟ್ಟರು. ತಾಳಿಯನ್ನು ಮುಟ್ಟಲಿಲ್ಲ. ನೆಲ ದಿನವೂ ತೊಳೆಯುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ನಾನು ಗೋಡೆಯ ಕಡೆ ತಿರುಗಿ ಮನೆದೇವರಿಗೆ ಆ ದಿನದ್ದನ್ನು ಒಪ್ಪಿಸುತ್ತಿದ್ದೆ: ಸ್ವಾಮಿ, ಇವತ್ತು ಅನ್ನದಲ್ಲಿ ಕಲ್ಲಿರಲಿಲ್ಲ. ಸ್ವಾಮಿ, ಇವತ್ತು ಪಕ್ಕದ ಚಾಪೆಯವಳು ಕಿರುಚಲಿಲ್ಲ. ಮನಸ್ಸಿಗೆ ಏನೂ ಆಗುತ್ತಿರಲಿಲ್ಲ, ಆದರೂ ಒಪ್ಪಿಸುತ್ತಿದ್ದೆ. ಉಪ್ಪಿಲ್ಲದ ಊಟವನ್ನೂ ಉಣ್ಣುವುದಿಲ್ಲವೆ, ಹಾಗೆ.

ಶಾಂತವಾಗಿದ್ದ ಹೆಂಗಸರಿಗೆ ಕೆಲಸ ಕೊಡುತ್ತಿದ್ದರು. ನನಗೆ ಕೊಟ್ಟದ್ದು ಅಕ್ಕಿ ಹಸನು ಮಾಡುವುದು. ಅಂಗಳದ ಬೇವಿನ ಮರದ ಕೆಳಗೆ ಮೊರ ಹಿಡಿದು ಕೂರಬೇಕು. ಎಲ್ಲರೂ ತಮಿಳು ಇಲ್ಲವೆ ತೆಲುಗು. ತೆಲುಗು ನಮಗೆ ಹೇಗೂ ಬರುತ್ತದೆ. ನಮ್ಮನ್ನು ನೋಡಿಕೊಳ್ಳುತ್ತಿದ್ದ ಆಯಾ ತೆಲುಗಿನವಳೇ. ಕನ್ನಡ ಮಾತ್ರ ಗೇಟಿನಾಚೆ ಉಳಿದುಬಿಟ್ಟಿತ್ತು. ಒಂದು ಬೆಳಿಗ್ಗೆ ಹೊಸಬಳೊಬ್ಬಳನ್ನು ನನ್ನೆದುರು ಕೂರಿಸಿದರು. ಸಣ್ಣ ವಯಸ್ಸು, ಕಪ್ಪಗೆ ಗಟ್ಟಿಮುಟ್ಟು. ಬೇರೆ ವಾರ್ಡಿನಲ್ಲಿ ಬಹಳ ದಿನ ಇದ್ದು ಸುಮಾರಾದ ಮೇಲೆ ಇಲ್ಲಿಗೆ ತಂದದ್ದು. ಕಾಗೆಯೊಂದು ಅವಳ ಮೊರಕ್ಕೆ ಬಾಯಿ ಹಾಕಿತು. ಅವಳು ಅದನ್ನು ಓಡಿಸಲಿಲ್ಲ.

"ಯಾಕ, ನಿನಗೂ ಮನಿ ಇಲ್ಲೇನು?" ಎಂದಳು ಕಾಗೆಗೆ.

ಆ 'ಯಾಕ' ಕೇಳಿ ನನ್ನ ಕೈ ನಿಂತಿತು.

"ರಾಯದುರ್ಗದ ಕಡೆಯೋಳೇನಮ್ಮ?" ಎಂದೆ.

ಅವಳು ಮೊರ ಕೆಳಗಿಟ್ಟಳು. "ಆ ಕಡೀಕೀನ್ರಿ. ನೀವು?"

"ರಾಯದುರ್ಗಾನೇ."

"ಮಾತು ಹಂಗಿಲ್ಲ?"

"ತೌರು ಮಡಕಶಿರ."

"ಅದಕ್ಕ ಮತ್ತ," ಎಂದು ನಕ್ಕಳು. "ಹೇಳ್ರಿ ನೋಡೂಣು, ಹುಣಸಿಹಣ್ಣು."

"ಉಣಸೆಅಣ್ಣು."

ಬಾಯಿಗೆ ಸೆರಗು ಒತ್ತಿಕೊಂಡು ಅವಳು ನಕ್ಕ ನಗುವಿಗೆ ಆಯಾ ಎದ್ದು ಬಂದಳು, ಏನಾದರೂ ಹೆಚ್ಚುಕಮ್ಮಿ ಆಯಿತೋ ಎಂದು. ನನಗೆ ನಗು ಬರಲಿಲ್ಲ. ಆದರೆ ಆ ಸಂಜೆ ಗೋಡೆಗೆ ತಿರುಗಿದಾಗ, ಸ್ವಾಮಿ, ಇವತ್ತು ಕನ್ನಡ ಕೇಳಿದೆ, ಎಂದೆ.

ಅವಳನ್ನು ಅಲ್ಲಿ ಬಳ್ಳಾರಿ ಎಂದೇ ಕರೆಯುತ್ತಿದ್ದರು. ಬಳ್ಳಾರಿಯಿಂದ ಪೊಲೀಸರು ತಂದು ಸೇರಿಸಿದ್ದರಿಂದ ಆ ಹೆಸರು. ಹೆರಿಗೆಯಾದ ಮೇಲೆ ಅವಳಿಗೆ ಸನ್ನಿಯಾಯಿತು. ಬಾಣಂತಿ ಸನ್ನಿ. ಮನೆಯವರು ಹೊಲಕ್ಕೆ ಹೋದ ಹೊತ್ತಿನಲ್ಲಿ ಎದ್ದು ಹೊರಟವಳು ಎಷ್ಟು ದಿನ ಎಲ್ಲೆಲ್ಲಿ ನಡೆದಳೋ ಅವಳಿಗೇ ತಿಳಿಯದು. ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕಳಂತೆ. ಕೂಸಿನ ಮಾತನ್ನು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಈಗ ಸನ್ನಿ ಬಿಟ್ಟಿತ್ತು. ಮಾತು ಸರಿಯಾಗಿತ್ತು, ಕೆಲಸ ಸರಿಯಾಗಿತ್ತು, ನನಗಿಂತ ಎಷ್ಟೋ ಚೆನ್ನಾಗಿದ್ದಳು. ಹಾಗಿದ್ದರೂ ಮನೆಗೆ ಏಕೆ ಕಳಿಸುವುದಿಲ್ಲ ಎಂದು ನನಗೆ ತಿಳಿದದ್ದು, ತಪಾಸಣೆಯ ದೊರೆಗಳು ಬಂದ ದಿನ.

ಆಗಾಗ್ಗೆ ಇಬ್ಬರು ಮೂವರು ದೊರೆಗಳು ಬಂದು ನಮ್ಮನ್ನು ಸಾಲಾಗಿ ನಿಲ್ಲಿಸಿ ನೋಡುತ್ತಿದ್ದರು. ಜೊತೆಗೆ ಒಬ್ಬ ದುಭಾಷಿ. ಅವನಿಗೆ ತಮಿಳು, ತೆಲುಗು ಎರಡೂ ಚೆನ್ನಾಗಿ ಬರುತ್ತಿತ್ತು. ಕನ್ನಡವನ್ನೂ ಹೇಗೋ ಕೂಡಿಸಿ ಆಡುತ್ತಿದ್ದ. ಅವಳ ಮುಂದೆ ನಿಂತು ಕೇಳಿದ:

"ನಿನ್ನ ಗಂಡನ ಹೆಸರೇನಮ್ಮಾ?"

ಅವಳು ಸೆರಗನ್ನು ಬಾಯಿಗೆ ತಂದುಕೊಂಡು, ತಲೆ ತಗ್ಗಿಸಿ, ಎಡಕ್ಕೆ ತಿರುಗಿ ನೋಡಿದಳು. ಎಡಗಡೆ ಕಂಬವಿತ್ತು.

"ಕೇಳಿಸಿತಾ? ಗಂಡನ ಹೆಸರು."

"ಅವರರಿ," ಎಂದಳು.

"ಅವರು ಅಂದರೆ ಯಾರು?"

"ಅವರಂದ್ರ ಅವರ್ರಿ."

"ಸರಿ. ಊರು ಯಾವುದು?"

"ಅವರೂರರಿ."

"ಅವರೂರು. ಅದು ಎಲ್ಲಿ ಬರುತ್ತದೆ?"

"ಅವರು ಇರೂ ಕಡೀಗ್ರಿ."

ದುಭಾಷಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ದೊರೆ ಅವಳ ಮುಖ ನೋಡಿದರು. ನಾಚಿಕೆಗೆ ಅವಳ ತುಟಿ ನಗುತ್ತಿತ್ತು. ಬರೆದುಕೊಂಡು ಮುಂದೆ ಹೋದರು.

ಹೋದ ಸಲವೂ ಹೀಗೆಯೇ ಆಗಿತ್ತು ಎಂದು ಆಯಾ ಹೇಳಿದಳು. ಅವರೂರು ಎಂಬ ಊರು ಎಲ್ಲಿದೆ ಎಂದು ಆಸ್ಪತ್ರೆಯವರು ಬಳ್ಳಾರಿಗೆ ಬರೆದು ಕೇಳಿದ್ದರಂತೆ. ಅಂಥ ಊರು ಯಾವ ತಾಲ್ಲೂಕಿನಲ್ಲೂ ಇಲ್ಲವೆಂದು ಅಲ್ಲಿಂದ ಉತ್ತರ ಬಂದಿತಂತೆ. ಇಲ್ಲದ ಊರನ್ನು ಇದೆ ಎನ್ನುತ್ತಾಳೆ, ಗಂಡನ ಹೆಸರು ಕೇಳಿದರೆ ನಗುತ್ತಾಳೆ, ಬುದ್ಧಿ ಇನ್ನೂ ನೆಟ್ಟಗಾಗಿಲ್ಲ ಎಂದು ಲೆಕ್ಕ.

ನನಗೆ ಆಗ ಒಂದು ವಿಷಯ ಹೊಳೆಯಿತು. ನಾನೂ ಅಲ್ಲಿ ಯಜಮಾನರ ಹೆಸರು ಹೇಳಿದವಳಲ್ಲ. ನನ್ನನ್ನು ಸೇರಿಸುವಾಗ ಅವರು ಪಕ್ಕದಲ್ಲಿದ್ದರು. ಹೆಸರು, ಊರು, ಎಲ್ಲ ಅವರೇ ಹೇಳಿದರು. ಅವಳನ್ನು ಸೇರಿಸುವಾಗ ಪಕ್ಕದಲ್ಲಿದ್ದವನು ಪೊಲೀಸಿನವನು. ನಮ್ಮ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ ನಿಜ, ಆದರೆ ಅದರಿಂದ ಊರಿನಲ್ಲಿ ಯಾರ ಕೆಲಸವೂ ನಿಲ್ಲುವುದಿಲ್ಲ. ತಹಸೀಲ್ದಾರರೇ ಕೇಳಲಿ, ನಾವು ಪಕ್ಕಕ್ಕೆ ತಿರುಗುತ್ತೇವೆ; ಪಕ್ಕದಲ್ಲಿ ಅತ್ತೆಯೋ ನೆರೆಯವಳೋ ಯಾರೋ ಇರುತ್ತಾರೆ, ಅವರು ಹೇಳುತ್ತಾರೆ. ಅವಳು ಕಂಬದ ಕಡೆ ತಿರುಗಿದ್ದು ಅದಕ್ಕೆ.

ಮರುದಿನ ಮೊರದ ಮುಂದೆ ಕೂತಾಗ ಕೇಳಿದೆ. "ಅಲ್ಲ ಕಣಮ್ಮ, ಅವರ ಎಸರು ಬೇಡ. ಊರಾದ್ರೂ ಯೋಳಬೌದಲ್ಲ?"

"ಊರಾಗ ಅವರು ಅದಾರಲ್ರಿ ಅಕ್ಕಾರ."

"ಇರ್ತಾರೆ. ಅವರೂರಲ್ಲಿ ಅವರಿರದೆ ಇನ್ಯಾರಿರ್ತಾರೆ?"

"ಹಂಗಲ್ರಿ. ಊರಿನ ಹೆಸರಾಗ ಅದಾರ."

ದೇವರ ಹೆಸರಿನ ಊರು, ಅದೇ ದೇವರ ಹೆಸರಿನ ಗಂಡ. ಊರು ಹೇಳಿದರೆ ಗಂಡನನ್ನು ಹೇಳಿದಂತೆ.

"ನನ್ನ ಕಿವೀಲಿ ಯೋಳು. ನಾನು ಅವರಿಗೆ ಯೋಳ್ತೀನಿ."

"ಒಲ್ಲೆರಿ," ಎಂದಳು. ಬಹಳ ಹೊತ್ತು ಅಕ್ಕಿ ಕೇರಿದಳು. ಆಮೇಲೆ ತಾನಾಗಿ ಹೇಳಿದಳು. "ಸನ್ನಿ ಬಂದಾಗ ಓಣಿ ತುಂಬ ಅವರ ಹೆಸರು ಹಿಡಿದು ಕೂಗ್ಯಾಡೀನ್ರಿ. ತಲಿ ಬಿಟಗೊಂಡು, ಬಾವಿ ಕಟ್ಟಿ ಮ್ಯಾಲೆ ನಿಂತು. ಅದೊಂದು ನೆನಪೈತಿ. ಕೂಗಿದಷ್ಟೂ ಆಯುಷ್ಯ ಕಡಿಮಿ ಅಂತಾರ. ಅವರು ಅದಾರೋ ಇಲ್ಲೋ. ಇದ್ದರ ಇಷ್ಟು ದಿನ ಬರತಿರಲಿಲ್ಲೇನು?"

"ಸನ್ನೀಲಿ ಆಡಿದ್ದು ಲೆಕ್ಕಕ್ಕಿಲ್ಲ ಕಣೇ."

"ಅದು ಯಮಗ ಏನು ಗೊತ್ತ್ರಿ, ಇದು ಸನ್ನಿ ಮಾತು ಅಂತ?"

ನಾನು ಅಕ್ಕಿಯಲ್ಲಿ ಕಲ್ಲು ಹುಡುಕಿದೆ.

ಅವಳಿಗೆ ಕುಂಕುಮದ ಚಿಂತೆಯೂ ಇತ್ತು. ಆಸ್ಪತ್ರೆಯಲ್ಲಿ ಕುಂಕುಮ ಎಲ್ಲಿಂದ ಬರಬೇಕು? ಅಡುಗೆಯವನು ಒಂದು ಅರಿಶಿನದ ಕೊಂಬು ಕೊಟ್ಟ, ಆಯಾ ತನ್ನ ಎಲೆಯಡಿಕೆ ಸಂಚಿಯಿಂದ ಚಿಟಿಕೆ ಸುಣ್ಣ ಕೊಟ್ಟಳು. ಎರಡನ್ನೂ ಅಂಗೈಯಲ್ಲಿ ಉಜ್ಜಿದರೆ ಕೆಂಪಾಯಿತು. ದೇವರು ದೊಡ್ಡವನು. ನನ್ನ ಹಣೆಗೆ ಅವಳೇ ಇಟ್ಟಳು. ತಾನು ಮಾತ್ರ ಹಿಂದೆಗೆದಳು.

"ಅವರು ಇಲ್ಲ ಅಂದ್ರ?"

"ಇಲ್ಲ ಅಂತ ಯಾರೂ ಬಂದು ಯೋಳಿಲ್ಲವಲ್ಲ. ಯೋಳೋವರೆಗೂ ಇಕ್ಕೋ," ಎಂದೆ. ನಾನೇ ಇಟ್ಟೆ. ಸುಮ್ಮನೆ ಇಡಿಸಿಕೊಂಡಳು.

ಕೆಲವು ದಿನಗಳಾದ ಮೇಲೆ ಆಯಾ ನಮ್ಮ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಅಡಿಕೆ ಜಗಿಯುತ್ತ, ಅವಳಿಗೆ ಕೇಳದಂತೆ ನನಗೆ ಒಂದು ಮಾತು ಹೇಳಿದಳು. ಮುಂದಿನ ತಪಾಸಣೆಯಲ್ಲೂ ಬಳ್ಳಾರಿ ಹೀಗೇ ನಿಂತರೆ ಅವಳನ್ನು ಹಿಂದಿನ ಮನೆಗೆ ಹಾಕುತ್ತಾರೆ. ಹಿಂದಿನ ಮನೆ ಎಂದರೆ ಗುಣವಾಗದವರ ಮನೆ. ಅಲ್ಲಿಗೆ ಹೋದವರ ಹೆಸರನ್ನು ದೊರೆಗಳು ಆಮೇಲೆ ಕೇಳುವುದಿಲ್ಲ, ಅಲ್ಲಿಯೇ ಮುದುಕಿಯರಾಗುತ್ತಾರೆ. ನಾನು ಆ ಮನೆಯ ಕಿಟಕಿಯನ್ನು ನೋಡಿದ್ದೆ. ಒಬ್ಬ ಮುದುಕಿ ಯಾವಾಗಲೂ ಅಲ್ಲಿ ನಿಂತು ಇಲ್ಲದ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು.

ನನಗೆ ಭಯವಾಗಲಿಲ್ಲ. ಆ ಕಾಲದಲ್ಲಿ ನನಗೆ ಏನೂ ಆಗುತ್ತಿರಲಿಲ್ಲ ಎಂದೆನಲ್ಲ. ಆದರೆ ಅವಳು ಹೋದರೆ ಎದುರಿನ ಮೊರ ಖಾಲಿಯಾಗುತ್ತದೆ ಎನ್ನುವುದು ತಿಳಿಯಿತು. ಅಷ್ಟು ತಿಳಿಯಿತು.

ಅದು ಒಂದು ಶುಕ್ರವಾರ. ಸಂಜೆ ಕೆಲಸ ಮುಗಿಸಿ ಹೆಂಗಸರೆಲ್ಲ ಕೈಕಾಲು ತೊಳೆದು ವಾರ್ಡಿನೊಳಗೆ ಬರುವ ಹೊತ್ತು. ನಾನು ಮೊದಲು ಒಳಗೆ ಬಂದು, ಉಳಿದ ಅರಿಶಿನ ಸುಣ್ಣವನ್ನು ಊಟದ ತಟ್ಟೆಯ ನೀರಿನಲ್ಲಿ ಕದಡಿ ಆರತಿ ನೀರು ಮಾಡಿಕೊಂಡೆ. ಬಾಗಿಲಿಗೆ ಅಡ್ಡವಾಗಿ ಕೈ ಚಾಚಿ ನಿಂತೆ. ಅವಳು ಬಂದಳು. ಅವಳ ಹಿಂದೆ ಉಳಿದವರು ನಿಂತರು.

"ಬಿಡ್ರಿ ಅಕ್ಕಾರ, ಒಳಗ ಹೋಗೂಣು."

"ಎಸರು ಯೋಳಿದ್ರೆ ಬಾಗ್ಲು."

ಮದುವೆಯಾಗಿ ಹೆಣ್ಣು ಗಂಡನ ಮನೆಯ ಹೊಸಲು ದಾಟುವಾಗ ನಾದಿನಿ ಹೀಗೆ ಬಾಗಿಲು ಹಿಡಿಯುವುದು ನಮ್ಮ ಎರಡು ಕಡೆಯಲ್ಲೂ ಇದೆ. ಆಗ ಹೆಣ್ಣು ಗಂಡನ ಹೆಸರನ್ನು ಪದದಂತೆ ಕಟ್ಟಿ ಹೇಳಬೇಕು. ಅವಳ ಕಡೆ ಅದಕ್ಕೆ ಒಡಪು ಎನ್ನುತ್ತಾರೆ. ಒಡಪಿನಲ್ಲಿ ಹೇಳಿದರೆ ದೋಷವಿಲ್ಲ, ಆಯುಷ್ಯಕ್ಕೆ ಕುಂದಿಲ್ಲ. ಹೇಳದಿದ್ದರೆ ಬಾಗಿಲಿಲ್ಲ.

ಅವಳು ನನ್ನ ಕೈಯ ತಟ್ಟೆ ನೋಡಿದಳು. ನನ್ನ ಮುಖ ನೋಡಿದಳು.

"ನಿಮಗೂ ಸನ್ನಿ ಹಿಡೀತೇನ್ರಿ?"

"ನನಗೆ ಇಡಿದಿದ್ದಕ್ಕೇ ಇಲ್ಲಿ ತಂದು ಬಿಟ್ಟವ್ರೆ. ಯೋಳು."

ಹಿಂದಿನವರು ಗೊಣಗುಟ್ಟಿದರು. ಆಯಾ ಬೀಗದ ಕೈ ಅಲ್ಲಾಡಿಸುತ್ತ ಬಂದಳು. "ಏಮಮ್ಮಾ, ಇಕ್ಕಡ ಪೆಂಡ್ಲಾ?" ಎಂದಳು, ಇಲ್ಲೇನು ಮದುವೆಯೇ ಎಂದು.

"ಪೆಂಡ್ಲೇ," ಎಂದೆ. ಆಯಾ ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿ, ಗೋಡೆಗೆ ಒರಗಿ ನಿಂತಳು. ತಡವಾದರೆ ಅವಳಿಗೆ ಬೈಗುಳ ಬೀಳುತ್ತಿತ್ತು. ಆದರೂ ನಿಂತಳು. ಆ ಪುಣ್ಯ ಅವಳಿಗಿರಲಿ.

"ಯಾಕ ನಾಚ್ಕೊಂತೀಯೇ?" ಎಂದೆ. ನನಗೇ ತಿಳಿಯದಂತೆ 'ಯಾಕ' ಬಾಯಿಗೆ ಬಂತು. "ಅತ್ತೆ ಒಳಗೆ ಕಾದವ್ರೆ. ಒಲೆ ಅಚ್ಚಬೇಕು. ಎಸರು ಯೋಳಿ ಬಾ."

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕತ್ತರಿಸಿದ ಕೂದಲು ಮುಚ್ಚಿತು. ಹೊಸಲಿಗೆ ಬಲಗಾಲ ಬೆರಳು ಹಚ್ಚಿ ನಿಂತು, ನೆಲ ನೋಡುತ್ತ, ಒಂದೇ ಉಸಿರಿನಲ್ಲಿ ಹೇಳಿದಳು:

"ಕೆಂಪು ನೆಲಕ್ಕ ಕರಿ ಎತ್ತು ಹೂಡ್ಯಾರ,
ಸಜ್ಜಿ ಬಿತ್ತಿ ಸಂಜೀಕ ಬಂದಾರ,
ಕೈಕಾಲಿಗೆ ನೀರು ಕೊಡಬೇಕು, ದಾರಿ ಬಿಡ್ರಿ..."

ಅದರ ಮುಂದೆ ಅವರ ಹೆಸರು, ಅದರ ಮುಂದೆ "ಕಾದಾರ" ಎಂದು ಮುಗಿಯಿತು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವಳು ಅಷ್ಟು ಕಷ್ಟಪಟ್ಟು ಕಾಪಾಡಿದ್ದನ್ನು ನಾನು ಕಾಗದದ ಮೇಲೆ ಹಾಕುವುದು ಸರಿಯಲ್ಲ. ಊರನ್ನೂ ಅದಕ್ಕೇ ಬರೆಯುವುದಿಲ್ಲ. ಬೊಮ್ಮನಹಾಳಿನಿಂದಾಚೆ, ಬಳ್ಳಾರಿಯ ದಿಕ್ಕಿಗೆ, ಮಣ್ಣು ಕುಂಕುಮದಂತೆ ಕೆಂಪಗಿರುವ ಸೀಮೆ ಎಂದರೆ ಆ ಕಡೆಯವರಿಗೆ ತಿಳಿಯುತ್ತದೆ.

ನಾನು ಆರತಿ ಎತ್ತಿದೆ. ಅವಳು ಒಳಗೆ ಬಂದಳು. ಉಳಿದವರೂ ಬಂದರು. ಬಂದವರಲ್ಲಿ ಒಬ್ಬಿಬ್ಬರು ತಮಗೂ ಆರತಿ ಎತ್ತು ಎಂದು ತಲೆ ಬಾಗಿಸಿ ನಿಂತರು. ಅವರಿಗೂ ಎತ್ತಿದೆ. ಆಯಾ ಬೀಗ ಹಾಕಿದಳು.

ಚಾಪೆಯ ಮೇಲೆ ಕೂತು ಅವಳು ಕೇಳಿದಳು. "ಏನೂ ಆಗಂಗಿಲ್ಲಲ್ರಿ ಅವರಿಗೆ?"

"ಒಡಪಲ್ಲಿ ಯೋಳಿದ್ದು. ಏನೂ ಆಗಲ್ಲ." ಆಮೇಲೆ ಕೇಳಿದೆ. "ಇನ್ನು ನಾನು ಯೋಳಬೌದಾ?"

"ಅವರು ಇಲ್ಲ ಅಂತ ಸುದ್ದಿ ಬಂದ್ರ, ನೀವ ನನಗ ಹೇಳಬೇಕು. ಆ ಮಂದಿ ಹೇಳಬಾರದು," ಎಂದಳು.

"ಆಗಲಿ."

"ಹಂಗಾರ ಹೇಳ್ರಿ."

ದೊರೆಗಳು ಬಂದರು. ಸಾಲಿನಲ್ಲಿ ನಾನು ಅವಳ ಎಡಗಡೆ ನಿಂತೆ, ಕಂಬಕ್ಕೂ ಅವಳಿಗೂ ನಡುವೆ. ದುಭಾಷಿ ಅವಳನ್ನು ಕಂಡು, "ಅವರೂರಮ್ಮ ಬಂದಳು," ಎಂದು ತಮಾಷೆ ಮಾಡಿದ. "ಏನಮ್ಮಾ, ಇವತ್ತಾದರೂ ಗಂಡನ ಹೆಸರು ನೆನಪಿಗೆ ಬಂತಾ?"

ಅವಳು ಸೆರಗನ್ನು ಬಾಯಿಗೆ ತಂದುಕೊಂಡು, ತಲೆ ತಗ್ಗಿಸಿ, ಎಡಕ್ಕೆ ತಿರುಗಿದಳು.

ನಾನು ಹೆಸರು ಹೇಳಿದೆ. ಊರು ಹೇಳಿದೆ. ಊರಿನ ಮುಂದೆ ಯಾವ ಗುಡ್ಡ, ಹಿಂದೆ ಯಾವ ಹಳ್ಳ, ಅದನ್ನೂ ಹೇಳಿದೆ.

"ನೀನು ಯಾರು? ನಿನ್ನನ್ನು ಕೇಳಿದೆನಾ?"

"ಅವಳು ಯೋಳಬಾರದು ಸ್ವಾಮಿ, ನಾನು ಯೋಳಬೇಕು. ಪಕ್ಕದೋರು ಯೋಳಬೇಕು. ನಮ್ಮ ಕಡೆ ಅಂಗೆ."

"ನೀನು ಇವಳ ಕಡೆಯವಳಾ?"

ಅವಳ ಊರನ್ನು ನಾನು ಕಂಡವಳಲ್ಲ. ಅವಳ ಜಾತಿ ಬೇರೆ, ನನ್ನ ಜಾತಿ ಬೇರೆ. "ಊಂ," ಎಂದೆ.

ದುಭಾಷಿ ತಲೆ ಕೆರೆದುಕೊಂಡ. ಆಮೇಲೆ ತೆಲುಗಿನಲ್ಲಿ ತನಗೆ ತಾನೇ ಎಂಬಂತೆ, ನಮ್ಮಮ್ಮನೂ ನಮ್ಮಪ್ಪನ ಹೆಸರು ಹೇಳುತ್ತಿರಲಿಲ್ಲ, ಎಂದ. ದೊರೆಗೆ ಏನೋ ವಿವರಿಸಿದ. ದೊರೆ ಬರೆದುಕೊಂಡರು. ಮುಂದಿನವಳ ಹತ್ತಿರ ಹೋದರು.

ಆಮೇಲೆ ಕಾಯುವುದು. ಅವಳು ಅಕ್ಕಿ ಕೇರುತ್ತಿದ್ದಳು, ಗೇಟಿನ ಕಡೆ ನೋಡುತ್ತಿರಲಿಲ್ಲ. ಆಯಾ ನನ್ನನ್ನು ಕರೆದಾಗಲೆಲ್ಲ ಅವಳ ಮೊರ ನಿಲ್ಲುತ್ತಿತ್ತು. ನಾನು ತಿರುಗಿ ಬಂದು, ಬಟ್ಟೆ ಒಣಹಾಕಲು ಕರೆದದ್ದು, ಎಂದರೆ ಮತ್ತೆ ಮೊರ ಅಲ್ಲಾಡುತ್ತಿತ್ತು. ಮಾತು ಕಡಿಮೆಯಾಯಿತು. ಹಣೆಗೆ ಕುಂಕುಮ ಮಾತ್ರ ದಿನವೂ ಇಡಿಸಿಕೊಳ್ಳುತ್ತಿದ್ದಳು, ಕಣ್ಣು ಮುಚ್ಚಿಕೊಂಡು.

ಸುದ್ದಿ ಬರಲಿಲ್ಲ. ಅವನೇ ಬಂದ.

ಒಂದು ಮಧ್ಯಾಹ್ನ ಆಯಾ ಬಂದು ನಮ್ಮಿಬ್ಬರನ್ನೂ ಕರೆದಳು. ಆಫೀಸಿನ ಜಗಲಿಯ ಕೆಳಗೆ, ಬಿಸಿಲಿನಲ್ಲಿ, ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು ಒಬ್ಬ ಒಕ್ಕಲಿಗ ನಿಂತಿದ್ದ. ಉಟ್ಟ ಪಂಚೆಯ ಅಂಚೆಲ್ಲ ಕೆಂಪು. ತೊಳೆದರೂ ಹೋಗದ ಆ ಸೀಮೆಯ ಕೆಂಪು. ಬಗಲಲ್ಲಿ ಒಂದು ಗಂಟು. ಮೇಲೆ ಕೂತ ಗುಮಾಸ್ತ ಕೇಳುತ್ತಿದ್ದ:

"ಹೆಂಡತಿ ಹೆಸರು ಹೇಳಯ್ಯಾ."

"ನಮ್ಮಾಕೀರಿ."

"ಹೆಸರು, ಹೆಸರು."

"ಮನ್ಯಾಕೀರಿ ಸ್ವಾಮಿ," ಎಂದು ಅವನು ನೆಲ ನೋಡಿದ.

ಆಯಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಾನು ಮತ್ತೆ ಅವಳ ಪಕ್ಕದಲ್ಲಿ ನಿಂತು ಅವಳ ಹೆಸರನ್ನೂ ಹೇಳಬೇಕಾಯಿತು. ಗುಮಾಸ್ತ ಬರೆದುಕೊಂಡ.

ಅವಳು ಗಂಡನ ಮುಖ ನೋಡಲಿಲ್ಲ, ಕಾಲು ನೋಡಿದಳು. ಬಹಳ ಹೊತ್ತು ಕಾಲನ್ನೇ ನೋಡಿದಳು. ಅವನೂ ಅವಳ ಕಾಲಿನ ಕಡೆಗೇ ನೋಡಿಕೊಂಡು ಮಾತಾಡಿದ.

"ಹಳ್ಳದಾಗ ಹುಡುಕಿದ್ವಿ. ಕಾಲವ್ಯಾಗ ಹುಡುಕಿದ್ವಿ. ಹೋಗ್ಯಾಳ ಅಂದ್ರು ಎಲ್ಲಾರು."

"ಹ್ಞೂಂ," ಎಂದಳು.

"ಇನ್ನೊಬ್ಬಾಕಿ ಅದಾಳ ಮನ್ಯಾಗ. ಕೂಸಿನ್ನ ನೋಡಾಕ ಯಾರರ ಬೇಕಾಗಿತ್ತು."

ಆಗ ಅವಳು ತಲೆ ಎತ್ತಿದಳು. "ಕೂಸು ಐತಾ?"

"ಐತಿ. ಅಡ್ಡಾಡತೈತಿ."

ಅವಳು ಪಕ್ಕಕ್ಕೆ ತಿರುಗಿ ನನ್ನ ಭುಜ ಹಿಡಿದಳು. ಅವಳ ಉಗುರು ಚರ್ಮಕ್ಕೆ ಇಳಿಯಿತು. ಅಡ್ಡಾಡತೈತಿ ಎನ್ನುವ ಮಾತು ನನ್ನ ಕಿವಿಗೂ ಬಿತ್ತು. ನನಗೆ ಸಂತೋಷವಾಗಬೇಕಾಗಿತ್ತು, ಆಗಲಿಲ್ಲ. ಹೊಟ್ಟೆಕಿಚ್ಚಾದರೂ ಆಗಬೇಕಾಗಿತ್ತು, ಅದೂ ಆಗಲಿಲ್ಲ. ಭುಜ ಮಾತ್ರ ನೋಯಿತು. ಆಸ್ಪತ್ರೆಗೆ ಬಂದ ಮೇಲೆ ಮೈಗೆ ನೋವು ಎಂದು ತಿಳಿದದ್ದು ಅದೇ ಮೊದಲು. ಅದನ್ನು ಆ ಸಂಜೆ ದೇವರಿಗೆ ಒಪ್ಪಿಸಿದೆ.

ಕಾಗದ ಪತ್ರ ಮುಗಿಯಲು ಹೊತ್ತಾಯಿತು. ಅವಳ ಬಳೆಗಳು ಯಾವಾಗಲೋ ಕಳೆದುಹೋಗಿದ್ದವು. ಸೇರಿಸುವಾಗ ಉಟ್ಟಿದ್ದ ಸೀರೆ ಸಿಕ್ಕಿತು, ಅದನ್ನೇ ಉಟ್ಟುಕೊಂಡು ಬಂದಳು. ಗಂಡನ ಗಂಟಿನಲ್ಲಿ ಒಣಗಿದ ಸಜ್ಜೆ ರೊಟ್ಟಿಯಿತ್ತು, ಎಳ್ಳು ಹಚ್ಚಿದ್ದು. ಅವಳು ತಾನೇ ಗಂಟು ಬಿಚ್ಚಿ ಒಂದು ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟಳು. ಎರಡನೆಯವಳು ತಟ್ಟಿದ ರೊಟ್ಟಿ. ಅದನ್ನು ಅವಳು ತಿರುಗಿಸಿ ಮುರುಗಿಸಿ ನೋಡಿದಳು.

"ತೆಳ್ಳಗ ತಟ್ಟತಾಳ," ಎಂದಳು. ಹೊಗಳಿಕೆಯೋ ಏನೋ ತಿಳಿಯಲಿಲ್ಲ.

ಅದಾದ ಮೇಲೆ ನಾನೂ ಗುಣವಾಗಿ ರಾಯದುರ್ಗಕ್ಕೆ ಬಂದೆ. ದೇವರು ಎರಡು ಗಂಡು ಒ‌ಂದು ಹೆಣ್ಣು ಕೊಟ್ಟ. ಅವಳ ಊರಿಗೆ ನಮ್ಮ ಊರಿನಿಂದ ಗಾಡಿ ಹೋಗುತ್ತದೆ. ನಸುಕಿನಲ್ಲಿ ಹೊರಟರೆ ಊಟದ ಹೊತ್ತಿಗೆ ಮುಟ್ಟಬಹುದು. ನಾನು ಹೋಗಲಿಲ್ಲ. ಹೋದರೆ, ಈ ಅಮ್ಮ ಯಾರು, ಹೇಗೆ ಗುರುತು, ಎಂದು ಅವಳ ಮನೆಯವರು ಕೇಳುತ್ತಾರೆ. ಅವಳೇನು ಹೇಳಬೇಕು? ಅವಳೂ ಬರಲಿಲ್ಲ. ಇದ್ದಾಳೆಯೋ, ಆ ಇನ್ನೊಬ್ಬಳ ಜೊತೆ ಹೇಗೆ ಬಾಳಿದಳೋ, ನನಗೆ ಗೊತ್ತಿಲ್ಲ. ಆ ಕಡೆಯ ಹೆಂಗಸರು ಸಂತೆಗೆ ಬಂದರೆ ಸೆರಗಿನ ಅಂಚಿನ ಕೆಂಪು ನೋಡುತ್ತೇನೆ. ಅವರನ್ನು ಏನೂ ಕೇಳುವುದಿಲ್ಲ. ಕೇಳಬೇಕಾದರೆ ಅವಳ ಹೆಸರು ಹೇಳಬೇಕು, ಹೇಳಿದರೆ ಮಾತು ಬೆಳೆಯುತ್ತದೆ.

ಆ ದಿನ ಅವರನ್ನು ಬಿಡಲು ಗೇಟಿನವರೆಗೆ ಹೋಗಲು ಆಯಾ ನನಗೆ ಅಪ್ಪಣೆ ಕೊಟ್ಟಳು. ಅವನು ಮುಂದೆ ದಾಟಿದ. ಅವಳು ಗೇಟಿನಲ್ಲಿ ನಿಂತಳು. ಹೊರಡುವಾಗ ನಾವು ಆಡುವ ಮಾತು ಒಂದೇ, ಹೋಗಿ ಬರ್ತೀನಿ ಎನ್ನುವುದು. ಆಸ್ಪತ್ರೆಯ ಬಾಗಿಲಲ್ಲಿ ಅದನ್ನು ಆಡುವ ಹಾಗಿಲ್ಲ. ಅಂಥ ಜಾಗಕ್ಕೆ ಮತ್ತೆ ಬರ್ತೀನಿ ಎನ್ನಬಾರದು. ಹೋಗ್ತೀನಿ ಎಂದು ಬರಿದಾಗಿ ಹೇಳಿದರೆ ಸಾವಿನ ಮಾತು. ನಾನೂ ಬಾ ಎನ್ನುವಂತಿಲ್ಲ, ಹೋಗು ಎನ್ನುವಂತಿಲ್ಲ. ಅವಳ ಗಂಡ ರಸ್ತೆಯ ಆಚೆ ಕಾಯುತ್ತಿದ್ದ.

"ಉಂಡ್ರ್ಯಾ ಅಕ್ಕಾರ?" ಎಂದಳು ಕೊನೆಗೆ.

"ಉಂಡೆ," ಎಂದೆ. "ನೀನು?"

"ದಾರ್ಯಾಗ ಉಣತೀನ್ರಿ."

ಆಯಾ ಗೇಟು ಎಳೆದಳು. ಅಕ್ಕಿ ಇನ್ನೂ ಅರ್ಧವಷ್ಟೇ ಹಸನಾಗಿತ್ತು, ನಾನು ಮರದ ಕೆಳಗೆ ಹೋಗಿ ಕೂತೆ.